ಓದಿ ನೋಡದ ಪ್ರತಿ



ಛಂದಸ್ಸು, ವ್ಯಾಕರಣ, ಹಳಗನ್ನಡ ಕಾವ್ಯ ಇವುಗಳ ಪಾಠ ಹೇಳಿಕೊಂಡು ಬಂದ ಕನ್ನಡ ಪಂಡಿತನೊಬ್ಬನು ಕಂಪ್ಯೂಟರಿನ ಬ್ಯಾಕಪ್ಪಿನ ಚರಿತ್ರೆಯನ್ನು ಹೇಳಹೊರಟರೆ, ಇವನಿಗೇಕೆ ಈ ಉಸಾಬರಿ ಎಂದು ನೀವು ಕೇಳುವುದು ನ್ಯಾಯವೇ ಸರಿ. ಈ ವಿಷಯದಲ್ಲಿ ನನಗೆ ಹುಟ್ಟಾಸಕ್ತಿಯೇನೂ ಇರಲಿಲ್ಲ. ಒಂದು ನಷ್ಟವು ನನ್ನನ್ನು ಇಲ್ಲಿಗೆ ಎಳೆದು ತಂದಿತು. ಮೊದಲು ಆ ನಷ್ಟದ ಕಥೆಯನ್ನು ಹೇಳಿ, ಅನಂತರ ಚರಿತ್ರೆಗೆ ಬರುತ್ತೇನೆ.

ನಾನು ಕೆಲಸ ಮಾಡುವ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಒಂದು ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದೇವೆ. ರಜೆ ಬಂದಾಗಲೆಲ್ಲ ಒಂಬತ್ತನೆಯ ತರಗತಿಯ ಮಕ್ಕಳು ಮನೆಯ ಹಿರಿಯರ ಬಳಿ ಕುಳಿತು, ಕಸುಬಿನ ಮಾತು, ಅಡುಗೆಯ ಮಾತು, ಗಾದೆ, ಒಗಟುಗಳನ್ನು ಕೇಳಿ ಬರೆದು ತರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಹಿರಿಯರ ಧ್ವನಿಯನ್ನೂ ಫೋನಿನಲ್ಲಿ ಹಿಡಿದು ತರತೊಡಗಿದರು. ಇದೆಲ್ಲವೂ ಶಾಲೆಯ ಒಂದು ಕಂಪ್ಯೂಟರಿನಲ್ಲಿ ಸೇರುತ್ತಿತ್ತು. ಪ್ರತಿ ಶನಿವಾರ ಮಧ್ಯಾಹ್ನ ನಾನೇ ಬೀರುವಿನಿಂದ ಅಂಗೈಯಗಲದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ತೆಗೆದು, ತಂತಿ ಸಿಕ್ಕಿಸಿ, ಬ್ಯಾಕಪ್ ತೆಗೆಯುವ ಗುಂಡಿ ಒತ್ತುತ್ತಿದ್ದೆ. ಕೆಲಸ ಮುಗಿದ ಮೇಲೆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗುತ್ತಿದ್ದೆ.

ಒಂದು ಮಳೆಗಾಲದಲ್ಲಿ ಕಂಪ್ಯೂಟರಿನ ಒಳಗಿನ ಡಿಸ್ಕು ಕಟಕಟ ಸದ್ದು ಮಾಡಿ ಸತ್ತುಹೋಯಿತು. ನಾನು ಗಾಬರಿಗೊಳ್ಳಲಿಲ್ಲ. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆಸಿ, ಬೀರುವಿನ ಡಿಸ್ಕನ್ನು ಅವನ ಕೈಗಿತ್ತೆ. ಅವನು ಬಹಳ ಹೊತ್ತು ನೋಡಿದನು.

"ಮೇಷ್ಟ್ರೇ, ಇದರಲ್ಲಿ ಕೊನೇ ಬ್ಯಾಕಪ್ ಆಗಿರೋದು ಹದಿನಾಲ್ಕು ತಿಂಗಳ ಹಿಂದೆ."

"ಅದು ಹೇಗಪ್ಪಾ? ಪ್ರತಿ ಶನಿವಾರ ನಾನೇ ಕೂತು ಮಾಡಿದ್ದೇನಲ್ಲ?"

"ಕೊನೇಲಿ ಏನಾದರೂ ಬರಹ ಬರ್ತಿತ್ತಾ?"

"ಬರುತ್ತಿತ್ತು. ಇಂಗ್ಲಿಷಿನಲ್ಲಿ ಎರಡು ಸಾಲು. ಕೆಳಗೆ 'ಓಕೆ' ಎಂದು ಇರುತ್ತಿತ್ತು. ಒತ್ತುತ್ತಿದ್ದೆ."

ಅವನು ತಲೆ ತಗ್ಗಿಸಿದನು. ಮೇಷ್ಟ್ರಿಗೆ ಎದುರು ಹೇಳಬೇಕಲ್ಲ ಎಂಬ ಸಂಕೋಚ. "ಬ್ಯಾಕಪ್ ಆಗಲಿಲ್ಲ ಅಂತಲೇ ಅದು ಹೇಳ್ತಾ ಇತ್ತು, ಮೇಷ್ಟ್ರೇ."

'ಓದಿ, ಅರ್ಥಮಾಡಿಕೊಂಡು ಉತ್ತರಿಸಿರಿ' ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು, ಸುಮಾರು ಅರವತ್ತು ಶನಿವಾರ, ಕಣ್ಣೆದುರಿಗಿದ್ದ ಎರಡು ಸಾಲನ್ನು ಓದಿರಲಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ಧ್ವನಿ ಕೊಟ್ಟ ಹಿರಿಯರಲ್ಲಿ ಮೂವರು ಈಗ ಇಲ್ಲ. ಅವರಲ್ಲೊಬ್ಬರು ಎತ್ತಿನ ಗಾಣ ನಡೆಸಿದವರು. ಗಾಣದ ಒಂದೊಂದು ಅಂಗಕ್ಕೂ ಅವರಲ್ಲಿ ಒಂದೊಂದು ಹೆಸರಿತ್ತು.

ಪ್ರತಿ ಇದೆಯೆಂದು ನಂಬಿದವನಿಗೆ ಪ್ರತಿ ಇಲ್ಲವಾಗುವುದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟಾಗ, ಇದು ಕಂಪ್ಯೂಟರಿನೊಡನೆ ಹುಟ್ಟಿದ ಪ್ರಶ್ನೆಯಲ್ಲವೆಂಬುದು ನನಗೆ ತಿಳಿಯಿತು. ನಾವು ಪಂಡಿತ ತರಬೇತಿಯಲ್ಲಿ ಓದಿದ ಓಲೆಗರಿಗಳ ಕಥೆಯೂ ಇದೇ.

ನಮ್ಮ ಕಾವ್ಯಗಳು ಉಳಿದು ಬಂದದ್ದು ತಾಳೆಯ ಗರಿಯ ಮೇಲೆ. ಗೆದ್ದಲು, ತೇವ, ಬೆಂಕಿ ಈ ಮೂರಕ್ಕೂ ಗರಿ ಸುಲಭವಾದ ತುತ್ತು. ಆದುದರಿಂದ ಹಳೆಯದು ಜೀರ್ಣವಾಗುವ ಮೊದಲೇ ಹೊಸ ಪ್ರತಿ ಮಾಡಿಸುವುದು ಪುಣ್ಯಕಾರ್ಯವಾಗಿತ್ತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರತೀತಿಯನ್ನು ನೀವೆಲ್ಲರೂ ಬಲ್ಲಿರಿ. ಶಾಂತಿಪುರಾಣವನ್ನು ನಾವು ಇಂದಿಗೂ ಓದುತ್ತೇವೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವು ಹೆಸರಾಗಿ ಮಾತ್ರ ಉಳಿದಿದೆ. ಒಬ್ಬನೇ ಕವಿ, ಎರಡು ಕೃತಿ. ಒಂದು ನಮ್ಮ ಕೈಯಲ್ಲಿದೆ, ಇನ್ನೊಂದು ಇಲ್ಲ.

ಪ್ರತಿ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಹಿರಿಯರು ತಿಳಿದಿರಲಿಲ್ಲ. ಲಿಪಿಕಾರನ ಕಣ್ಣು ಒಂದು ಸಾಲನ್ನು ಹಾರುತ್ತದೆ. ಕೈ ಒಂದಕ್ಷರವನ್ನು ಬಿಡುತ್ತದೆ. ಇದಕ್ಕೆ ಅವರು ಎರಡು ಉಪಾಯಗಳನ್ನು ಇಟ್ಟುಕೊಂಡಿದ್ದರು. ಒಂದು, ಎಣಿಕೆ. ಮೂವತ್ತೆರಡು ಅಕ್ಷರಕ್ಕೆ ಒಂದು 'ಗ್ರಂಥ' ಎಂದು ಲೆಕ್ಕ ಹಿಡಿದು, ಇಡೀ ಕೃತಿ ಎಷ್ಟು ಗ್ರಂಥವೆಂಬುದನ್ನು ಕೊನೆಯಲ್ಲಿ ಬರೆದಿಡುವ ವಾಡಿಕೆ ಇತ್ತು. ನಕಲಿನ ಲೆಕ್ಕ ಮೂಲದ ಲೆಕ್ಕಕ್ಕೆ ಹೊಂದದಿದ್ದರೆ ಏನೋ ಬಿಟ್ಟುಹೋಗಿದೆಯೆಂದೇ ಅರ್ಥ. ಎರಡನೆಯದು ಶೋಧನೆ. ಒಬ್ಬನು ಮೂಲವನ್ನು ಓದುವುದು, ಇನ್ನೊಬ್ಬನು ನಕಲನ್ನು ಹಿಡಿದು ಸರಿನೋಡುವುದು. ಹಾಗೆ ಓದಿ ತಿದ್ದಿದ ಮೇಲೆ ಅದು ಶುದ್ಧಪ್ರತಿ.

ಶೋಧನೆಯ ಬೆಲೆ ಏನೆಂಬುದಕ್ಕೆ ಮೂಡುಬಿದಿರೆಯ ನಿದರ್ಶನ ಒಂದು ಸಾಕು. ಷಟ್‌ಖಂಡಾಗಮವೆಂಬ ಜೈನ ಸಿದ್ಧಾಂತ ಗ್ರಂಥಕ್ಕೆ ವೀರಸೇನಾಚಾರ್ಯನು ಬರೆದ ಧವಳಾ ಟೀಕೆಯು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯ ಓಲೆಗಳಲ್ಲಿ ಉಳಿದುಕೊಂಡು ಬಂದಿತು. ಭಾಷೆ ಬಹುಮಟ್ಟಿಗೆ ಪ್ರಾಕೃತ, ಲಿಪಿ ಹಳಗನ್ನಡದ್ದು. ೧೯ನೆಯ ಶತಮಾನದ ಕೊನೆಯಲ್ಲಿ ಅದರ ನಕಲುಗಳಾಗತೊಡಗಿ, ನಕಲಿನ ನಕಲುಗಳು ಉತ್ತರದೇಶಕ್ಕೆ ಹೋದವು. ಅವುಗಳ ಆಧಾರದಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಮೊದಲನೆಯ ಸಂಪುಟ ಅಚ್ಚಾಯಿತು. ಅದರ ೯೩ನೆಯ ಸೂತ್ರದಲ್ಲಿ ಅರ್ಥ ಪೂರ್ಣವಾಗದಿರುವುದನ್ನು ಕಂಡ ಸಂಪಾದಕರು, ಇಲ್ಲಿ 'ಸಂಜದ' ಎಂಬ ಪದ ಬಿಟ್ಟುಹೋಗಿರಬೇಕೆಂದು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಕಡೆಗೆ ಮೂಡುಬಿದಿರೆಯ ಮೂಲ ಓಲೆಯನ್ನು ತೆರೆದು ನೋಡಲಾಗಿ, ಆ ಪದ ಅಲ್ಲಿತ್ತು. ನಕಲುಗಳೆಲ್ಲವೂ ಒಂದೇ ತಪ್ಪನ್ನು ಹೊತ್ತು ತಿರುಗುತ್ತಿದ್ದವು. ಮೂಲ ನಾಶವಾಗಿದ್ದರೆ ಆ ಊಹೆ ಊಹೆಯಾಗಿಯೇ ಉಳಿಯುತ್ತಿತ್ತು.

ಇನ್ನು ಯಂತ್ರಗಳ ಕಾಲಕ್ಕೆ ಬರೋಣ. ೧೯೫೧ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಬಂದ ಯೂನಿವ್ಯಾಕ್ ಎಂಬ ಗಣಕವು ತನ್ನ ಲೆಕ್ಕಗಳನ್ನು ಲೋಹದ ಕಾಂತಪಟ್ಟಿಯ ಮೇಲೆ ಬರೆಯುತ್ತಿತ್ತು. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ತಿರುಗುವ ತಟ್ಟೆಗಳ ಮೇಲೆ ಬರೆಯುವ ಮೊದಲನೆಯ ಡಿಸ್ಕ್ ಯಂತ್ರವನ್ನು ಹೊರತಂದಿತು. ಅದರಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳು. ಇಷ್ಟೆಲ್ಲ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಇಂದು ಫೋನಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಬೇಕಾಗುತ್ತದೆ.

ಯಂತ್ರದ ಬರಹವೂ ನಂಬಿಗಸ್ತವಲ್ಲವೆಂಬುದು ಆ ಕಾಲದ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು. ೧೯೫೦ರ ದಶಕದ ಕೊನೆಗೆ ಬಂದ ಐ.ಬಿ.ಎಂ. ೭೨೯ ಎಂಬ ಟೇಪ್ ಯಂತ್ರದಲ್ಲಿ ಬರೆಯುವ ಮುಳ್ಳಿನ ಬೆನ್ನಿಗೇ ಓದುವ ಮುಳ್ಳೊಂದನ್ನು ಅಳವಡಿಸಿದ್ದರು. ಬರೆದದ್ದನ್ನು ಆ ಕ್ಷಣವೇ ಓದಿ, ಸರಿಯಾಗಿ ಮೂಡಿದೆಯೆ ಎಂದು ಪರೀಕ್ಷಿಸುವುದು ಅದರ ಕೆಲಸ. ನಮ್ಮ ಇಬ್ಬರು ಪಂಡಿತರ ಶೋಧನೆಯನ್ನೇ ಅವರು ಒಂದು ಯಂತ್ರದೊಳಗೆ ಕೂಡಿಸಿದರೆನ್ನಬಹುದು. ಗಣಕ ಕೇಂದ್ರಗಳಲ್ಲಿ ಟೇಪುಗಳನ್ನು 'ತಾತ, ತಂದೆ, ಮಗ' ಎಂಬ ಮೂರು ತಲೆಮಾರುಗಳಾಗಿ ಇಡುವ ಕ್ರಮವೂ ಬೆಳೆಯಿತು. ಮಗ ಕೆಟ್ಟರೆ ತಂದೆಯಿಂದ, ತಂದೆ ಕೆಟ್ಟರೆ ತಾತನಿಂದ ಮತ್ತೆ ಲೆಕ್ಕವನ್ನು ಕಟ್ಟಿಕೊಳ್ಳಬಹುದು. ಇದಕ್ಕೆಂದೇ ಒಬ್ಬ ನೌಕರನಿರುತ್ತಿದ್ದನು, ದಿನಚರಿ ಪುಸ್ತಕವಿರುತ್ತಿತ್ತು.

೧೯೮೦ರಲ್ಲಿ ಐದೂಕಾಲು ಅಂಗುಲದ ಪುಟ್ಟ ಹಾರ್ಡ್ ಡಿಸ್ಕು ಬಂದಿತು. ೧೯೯೬ರಲ್ಲಿ ಯು.ಎಸ್.ಬಿ. ಎಂಬ ಜೋಡಣೆ, ೨೦೦೦ದಲ್ಲಿ ಅದರ ವೇಗದ ಎರಡನೆಯ ಆವೃತ್ತಿ. ಅಲ್ಲಿಂದ ಮುಂದೆ ಜೇಬಿನಲ್ಲಿ ಹಿಡಿಯುವ ಡಿಸ್ಕು ಮನೆಮನೆಗೂ ಶಾಲೆಶಾಲೆಗೂ ಬಂದಿತು. ೨೦೦೭ರಲ್ಲಿ ಆ್ಯಪಲ್ ಕಂಪ್ಯೂಟರುಗಳಲ್ಲಿ 'ಟೈಮ್ ಮೆಷಿನ್' ಎಂಬ ವ್ಯವಸ್ಥೆ ಬಂದು, ಡಿಸ್ಕು ಸಿಕ್ಕಿಸಿದರೆ ಸಾಕು, ಪ್ರತಿ ತಾನಾಗಿಯೇ ಆಗುವುದೆಂಬ ಅನುಕೂಲವಾಯಿತು. ಅನುಕೂಲ ದೊಡ್ಡದೇ. ಆದರೆ ಗಣಕ ಕೇಂದ್ರದ ನೌಕರನೂ ಅವನ ದಿನಚರಿ ಪುಸ್ತಕವೂ ನಮ್ಮ ಮನೆಗಳಿಗೆ ಬರಲಿಲ್ಲ. ಯಂತ್ರ ಬಂದಿತು, ಶೋಧನೆ ಹಿಂದೆ ಉಳಿಯಿತು.

ಇದು ನನ್ನಂಥ ಅರಿಯದವರ ಪಾಡು ಮಾತ್ರವೆಂದು ತಿಳಿಯಬೇಡಿ. ಈ ವಿದ್ಯೆಯಲ್ಲೇ ಮುಳುಗಿದವರ ಎರಡು ಪ್ರಸಂಗಗಳನ್ನು ಹೇಳುತ್ತೇನೆ.

೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯವರು 'ಟಾಯ್ ಸ್ಟೋರಿ ೨' ಎಂಬ ಗೊಂಬೆಗಳ ಚಲನಚಿತ್ರವನ್ನು ಕಂಪ್ಯೂಟರಿನಲ್ಲಿ ತಯಾರಿಸುತ್ತಿದ್ದರು. ಒಂದು ದಿನ ಯಾರೋ ಕೊಟ್ಟ ಅಳಿಸುವ ಆಜ್ಞೆಯು ತಪ್ಪಾದ ಜಾಗದಲ್ಲಿ ಓಡಿ, ನೋಡನೋಡುತ್ತಿದ್ದಂತೆ ಪಾತ್ರಗಳ ಅಂಗಾಂಗಗಳೇ ಕಾಣೆಯಾಗತೊಡಗಿದವು. ಯಂತ್ರವನ್ನು ನಿಲ್ಲಿಸುವಷ್ಟರಲ್ಲಿ ಚಿತ್ರದ ಬಹುಪಾಲು ಹೋಗಿತ್ತು. ಬ್ಯಾಕಪ್ ಟೇಪುಗಳನ್ನು ತೆಗೆದರೆ, ಸುಮಾರು ಒಂದು ತಿಂಗಳಿಂದ ಅವು ಸರಿಯಾಗಿ ಕೆಲಸವನ್ನೇ ಮಾಡಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ. ಅವರನ್ನು ಉಳಿಸಿದವಳು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆ. ಎಳೆಮಗುವಿನ ತಾಯಿಯಾದ ಆಕೆ ಮನೆಯಿಂದ ಕೆಲಸ ಮಾಡಲೆಂದು ಚಿತ್ರದ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿಟ್ಟುಕೊಂಡಿದ್ದಳು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ ಕಾರಿನಲ್ಲಿ ಹುಷಾರಾಗಿ ತಂದು, ಅದರಿಂದ ಕೆಲಸವನ್ನು ಮತ್ತೆ ನಿಲ್ಲಿಸಿದರು. ಮುಂದೆ ಕಥೆಯನ್ನೇ ಬಹುಮಟ್ಟಿಗೆ ಬದಲಿಸಿ, ೧೯೯೯ರಲ್ಲಿ ಚಿತ್ರವನ್ನು ತೆರೆಗೆ ತಂದರು.

ಎರಡನೆಯದು ೨೦೧೭ರ ಜನವರಿ ೩೧ರಂದು ನಡೆದದ್ದು. ಪ್ರಪಂಚದ ಅನೇಕ ತಂತ್ರಜ್ಞರು ತಮ್ಮ ಬರಹಗಳನ್ನು ಕಾಪಿಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ, ತಡರಾತ್ರಿಯವರೆಗೆ ದುಡಿಯುತ್ತಿದ್ದ ಎಂಜಿನಿಯರನೊಬ್ಬನು ಉಪಯಂತ್ರದ ಕೋಶವನ್ನು ಅಳಿಸಲು ಹೋಗಿ ಮುಖ್ಯಯಂತ್ರದ ಕೋಶವನ್ನು ಅಳಿಸಿದನು. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ತಡೆದರೂ, ಸುಮಾರು ೩೦೦ ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಅವರ ಬಳಿ ಒಂದಲ್ಲ, ಹಲವು ಬಗೆಯ ಬ್ಯಾಕಪ್ಪುಗಳಿದ್ದವು. ದಿನಂಪ್ರತಿ ಪ್ರತಿ ಸೇರಬೇಕಾಗಿದ್ದ ಉಗ್ರಾಣವನ್ನು ತೆರೆದರೆ ಅದು ಖಾಲಿ! ಪ್ರತಿ ತೆಗೆಯುವ ಸಾಧನವು ಹಳೆಯ ಆವೃತ್ತಿಯದು, ಮೂಲವು ಹೊಸ ಆವೃತ್ತಿಯದು. ಎರಡಕ್ಕೂ ಹೊಂದದೆ ದಿನವೂ ಕೆಲಸ ಕೆಡುತ್ತಿತ್ತು. ಕೆಟ್ಟಿತೆಂದು ತಿಳಿಸುವ ಮಿಂಚಂಚೆಗಳು ಹೊರಡುತ್ತಿದ್ದವು. ಆದರೆ ಅವಕ್ಕೆ ಬೇಕಾದ ದೃಢೀಕರಣದ ಸಹಿ ಇಲ್ಲವೆಂದು ಅಂಚೆಯ ವ್ಯವಸ್ಥೆಯೇ ಅವನ್ನು ತಳ್ಳಿಹಾಕುತ್ತಿತ್ತು. ಆರು ಗಂಟೆಗಳ ಮುಂಚೆ ಬೇರೊಂದು ಕೆಲಸಕ್ಕಾಗಿ ತೆಗೆದಿಟ್ಟಿದ್ದ ಒಂದು ಪ್ರತಿಯು ದೈವವಶಾತ್ ಉಳಿದಿದ್ದುದರಿಂದ, ಆರು ಗಂಟೆಗಳ ಕೆಲಸ ಮಾತ್ರ ನಷ್ಟವಾಯಿತು. ಆ ಸಂಸ್ಥೆಯವರ ದೊಡ್ಡ ಗುಣವೆಂದರೆ, ಏನನ್ನೂ ಮುಚ್ಚಿಡದೆ, ನಡೆದುದೆಲ್ಲವನ್ನೂ ಬರೆದು ಲೋಕದ ಮುಂದಿಟ್ಟರು.

ಈ ಎರಡು ಪ್ರಸಂಗಗಳಲ್ಲಿಯೂ ನನ್ನ ಬೀರುವಿನ ಪ್ರಸಂಗದಲ್ಲಿಯೂ ಒಂದು ಸಾಮಾನ್ಯ ಲಕ್ಷಣವನ್ನು ನೀವು ಕಂಡಿರಬಹುದು. ಮೂಲವು ಹಾಳಾದದ್ದು ಒಂದು ದಿನ. ಪ್ರತಿಯು ಹಾಳಾದದ್ದು ಅದಕ್ಕೆ ಬಹಳ ಮೊದಲು, ಸದ್ದಿಲ್ಲದೆ.

ಹಾಗಾದರೆ ನಮ್ಮ ನಿಮ್ಮ ಮನೆಯ ಡಿಸ್ಕಿನಲ್ಲಿ ಪ್ರತಿ ಏಕೆ ಕೆಡುತ್ತದೆ? ನನ್ನ ಶಿಷ್ಯನ ಬಳಿ ಕುಳಿತು ಈ ರೋಗನಿದಾನವನ್ನು ಕಲಿತೆನು. ಅದನ್ನು ಕ್ರಮವಾಗಿ ಹೇಳುತ್ತೇನೆ.

ನನ್ನದೇ ರೋಗದಿಂದ ಪ್ರಾರಂಭಿಸುವೆನು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮಗಳು ಹಲವು. ೧೯೯೬ರಲ್ಲಿ ಬಳಕೆಗೆ ಬಂದ 'ಫ್ಯಾಟ್ ೩೨' ಎಂಬುದು ಅವುಗಳಲ್ಲಿ ಒಂದು. ನನ್ನ ಡಿಸ್ಕಿನಲ್ಲಿ ಇದ್ದದ್ದೂ ಅದೇ. ಈ ಕ್ರಮದಲ್ಲಿ ಫೈಲಿನ ಉದ್ದವನ್ನು ಬರೆಯುವ ಅಂಕಣದಲ್ಲಿ ಜಾಗ ಅಷ್ಟಕ್ಕಷ್ಟೆ. ೪,೨೯,೪೯,೬೭,೨೯೫ ಬೈಟು, ಅಂದರೆ ನಾಲ್ಕು ಗಿಗಾಬೈಟಿಗೆ ಒಂದು ಕಡಿಮೆ, ಇದನ್ನು ಮೀರಿದ ಸಂಖ್ಯೆ ಅಲ್ಲಿ ಹಿಡಿಯದು. ಆದುದರಿಂದ ಡಿಸ್ಕಿನಲ್ಲಿ ಎಷ್ಟೇ ಜಾಗವಿದ್ದರೂ ಅದಕ್ಕಿಂತ ದೊಡ್ಡದಾದ ಒಂದೇ ಫೈಲನ್ನು ಅದು ಸ್ವೀಕರಿಸದು. ನಮ್ಮ ಬ್ಯಾಕಪ್ ಸಾಧನವು ಎಲ್ಲವನ್ನೂ ಒಂದೇ ಕಟ್ಟಾಗಿ ಕಟ್ಟುತ್ತಿತ್ತು. ಬರಿಯ ಬರಹವಿದ್ದಷ್ಟು ಕಾಲ ಕಟ್ಟು ಸಣ್ಣದಾಗಿತ್ತು. ಅಜ್ಜಿಯರ ಧ್ವನಿ ಸೇರಿ ಸೇರಿ ಕಟ್ಟು ನಾಲ್ಕು ಗಿಗಾಬೈಟನ್ನು ಮುಟ್ಟಿದ ವಾರವೇ ಪ್ರತಿ ನಿಂತುಹೋಯಿತು. ೧೯೯೩ರಲ್ಲಿ ಬಂದ ಎನ್.ಟಿ.ಎಫ್.ಎಸ್. ಅಥವಾ ೨೦೦೬ರಲ್ಲಿ ಬಂದ ಎಕ್ಸ್‌ಫ್ಯಾಟ್ ಕ್ರಮಕ್ಕೆ ಡಿಸ್ಕನ್ನು ಬದಲಿಸಿದರೆ ಈ ತೊಡಕಿಲ್ಲ. ಆದರೆ ಫಾರ್ಮ್ಯಾಟ್ ಮಾಡಿ ಬದಲಿಸುವಾಗ ಡಿಸ್ಕು ಪೂರ್ತಿ ಅಳಿಸಿಹೋಗುವುದರಿಂದ, ಅದರಲ್ಲಿರುವುದನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಬೇಕು. ಆ್ಯಪಲ್ ಕಂಪ್ಯೂಟರು ಎನ್.ಟಿ.ಎಫ್.ಎಸ್. ಡಿಸ್ಕನ್ನು ಓದುತ್ತದೆ, ಆದರೆ ಸಹಜಸ್ಥಿತಿಯಲ್ಲಿ ಅದರ ಮೇಲೆ ಬರೆಯುವುದಿಲ್ಲ ಎಂಬುದೂ ನೆನಪಿರಲಿ.

ಎರಡನೆಯದು, ವಿದ್ಯುತ್ತಿನ ಕೊರತೆ. ಸಣ್ಣ ಡಿಸ್ಕಿಗೆ ಬೇರೆ ವಿದ್ಯುತ್ ಇಲ್ಲ, ಯು.ಎಸ್.ಬಿ. ತಂತಿಯಿಂದಲೇ ಬರಬೇಕು. ಎರಡನೆಯ ಆವೃತ್ತಿಯ ಕಿಂಡಿಯು ೫೦೦ ಮಿಲಿಆಂಪಿಯರ್, ಮೂರನೆಯದು ೯೦೦ ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ಹಳೆಯ ತಂತಿ, ಸಡಿಲವಾದ ಕಿಂಡಿ, ಒಂದೇ ಕಿಂಡಿಯನ್ನು ನಾಲ್ಕಾಗಿ ಹಂಚುವ ಹಬ್ಬು ಇವುಗಳಿಂದ ಡಿಸ್ಕಿಗೆ ವಿದ್ಯುತ್ ಸಾಲದೆ, ನಡುವೆ ಒಂದು ಕ್ಷಣ ಅದು ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ನಮಗೆ ದೀಪ ಉರಿಯುತ್ತಿರುವಂತೆಯೇ ಕಾಣುತ್ತದೆ. ಬ್ಯಾಕಪ್ ಅಷ್ಟರಲ್ಲಿ ಕೆಟ್ಟಿರುತ್ತದೆ. ಮೊದಲು ತಂತಿ ಬದಲಿಸಿ, ಅನಂತರ ಕಿಂಡಿ ಬದಲಿಸಿ, ಹಬ್ಬನ್ನು ಬಿಟ್ಟು ನೇರವಾಗಿ ಸಿಕ್ಕಿಸಿ ನೋಡಬೇಕು. ಅರ್ಧಕ್ಕರ್ಧ ರೋಗ ಇಲ್ಲಿಗೇ ಗುಣವಾಗುವುದುಂಟು ಎಂದು ಶಿಷ್ಯನ ಅನುಭವ.

ಮೂರನೆಯದು, ವಿಳಾಸ ತಪ್ಪುವುದು. ವಿಂಡೋಸ್ ಕಂಪ್ಯೂಟರು ಪ್ರತಿ ಡಿಸ್ಕಿಗೂ ಒಂದಕ್ಷರವನ್ನು ಕೊಡುತ್ತದೆ. ನಿನ್ನೆ 'ಇ' ಆಗಿದ್ದ ಡಿಸ್ಕು, ನಡುವೆ ಯಾರೋ ಪೆನ್‌ಡ್ರೈವ್ ಸಿಕ್ಕಿಸಿದ್ದರಿಂದ ಇಂದು 'ಎಫ್' ಆಗಬಹುದು. ಬ್ಯಾಕಪ್ ಸಾಧನ ಹಳೆಯ ಬಾಗಿಲನ್ನೇ ತಟ್ಟಿ ಹಿಂದಿರುಗುತ್ತದೆ. ಡಿಸ್ಕಿಗೆ ಒಂದು ಸ್ಥಿರಾಕ್ಷರವನ್ನು ಗೊತ್ತುಮಾಡಿದರೆ ಇದು ಸರಿಹೋಗುತ್ತದೆ.

ನಾಲ್ಕನೆಯದು, ಡಿಸ್ಕು ತುಂಬುವುದು. ಹಳೆಯ ಪ್ರತಿಗಳು ಒಂದರ ಮೇಲೊಂದು ಕೂಡಿ, ಹೊಸದಕ್ಕೆ ಜಾಗವಿಲ್ಲದೆ ಹೋಗುತ್ತದೆ. ಐದನೆಯದು, ನಿದ್ದೆ. ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಎಂದು ಗೊತ್ತುಮಾಡಿರುತ್ತೇವೆ. ಆ ಹೊತ್ತಿಗೆ ಕಂಪ್ಯೂಟರು ನಿದ್ದೆಯಲ್ಲಿರುತ್ತದೆ, ಇಲ್ಲವೆ ಡಿಸ್ಕು ಬೀರುವಿನಲ್ಲಿರುತ್ತದೆ. ಆರನೆಯದು, ತೆರೆದಿಟ್ಟ ಫೈಲು. ಇನ್ನೂ ಬರೆಯುತ್ತಿರುವ ಪುಸ್ತಕವನ್ನು ಲಿಪಿಕಾರ ಹೇಗೆ ನಕಲು ಮಾಡಿಯಾನು? ೨೦೦೧ರಿಂದೀಚೆಗೆ ವಿಂಡೋಸಿನಲ್ಲಿ 'ಷ್ಯಾಡೋ ಕಾಪಿ', ಎಂದರೆ ನೆರಳು ಪ್ರತಿ ತೆಗೆಯುವ ಉಪಾಯವಿದೆ. ಅದು ಕೆಲಸ ಮಾಡದಿದ್ದರೆ ತೆರೆದ ಫೈಲುಗಳಷ್ಟೇ ಬಿಟ್ಟುಹೋಗಿ, ಮಿಕ್ಕದ್ದೆಲ್ಲ ಸರಿಯಾಗಿರುವಂತೆ ತೋರುತ್ತದೆ. ನಾವು ದಿನವೂ ತೆರೆದಿಡುವ ಫೈಲೇ ನಮಗೆ ಹೆಚ್ಚು ಬೇಕಾದದ್ದೆಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ಏಳನೆಯದು, ಡಿಸ್ಕಿನ ಮರಣ. ಕಟಕಟ ಸದ್ದು, ಫೈಲು ತೆರೆಯಲು ಅತಿಯಾದ ವಿಳಂಬ, ಓದಲಾಗದು ಎಂಬ ಸೂಚನೆ ಇವು ಅದರ ಲಕ್ಷಣ. ಆಗ ರಿಪೇರಿಯ ಸಾಧನಗಳನ್ನು ಓಡಿಸಿ ಆಯಾಸಪಡಿಸಬಾರದು; ಬದುಕಿರುವಷ್ಟನ್ನು ಮೊದಲು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಎಂಟನೆಯದು, ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡುವುದು. ೨೦೧೭ರ ಮೇ ತಿಂಗಳಲ್ಲಿ 'ವಾನ್ನಾಕ್ರೈ' ಎಂಬ ಸುಲಿಗೆಯ ತಂತ್ರಾಂಶವು ದೇಶದೇಶಗಳಲ್ಲಿ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಇಂಥದು ಕಂಪ್ಯೂಟರಿನ ಫೈಲುಗಳನ್ನು ಬೀಗ ಹಾಕುವಾಗ ಅದಕ್ಕೆ ಸಿಕ್ಕಿಸಿದ ಡಿಸ್ಕಿಗೂ ಬೀಗ ಹಾಕುತ್ತದೆ. ಮೂಲವೂ ಪ್ರತಿಯೂ ಒಂದೇ ಮನೆಯಲ್ಲಿದ್ದರೆ ಬೆಂಕಿಗೆ ಎರಡೂ ಒಂದೇ.

ಇದಕ್ಕೆಂದೇ ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕನು 'ಮೂರು, ಎರಡು, ಒಂದು' ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದನು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ಅತ್ತಿಮಬ್ಬೆಗೆ ಈ ಸೂತ್ರ ಹೊಸದೆನಿಸುತ್ತಿರಲಿಲ್ಲ.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ಪ್ರತಿ ಒಂದಕ್ಷರವೂ ತಪ್ಪದೆ ಉಳಿದು, ಅದನ್ನು ಓದುವ ಸಾಧನವೇ ಇಲ್ಲವಾಗುವುದು. ಇಂಗ್ಲೆಂಡಿನಲ್ಲಿ ೧೦೮೬ರಲ್ಲಿ ವಿಲಿಯಂ ದೊರೆಯು ದೇಶದ ಊರೂರಿನ ಲೆಕ್ಕ ಬರೆಸಿದ 'ಡೂಮ್ಸ್‌ಡೇ' ಗ್ರಂಥವಿದೆ. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ ೧೯೮೬ರಲ್ಲಿ ಬಿ.ಬಿ.ಸಿ. ಸಂಸ್ಥೆಯು ದೇಶದ ಶಾಲಾಮಕ್ಕಳಿಂದ ತಮ್ಮ ತಮ್ಮ ಊರಿನ ವಿವರಗಳನ್ನು ಬರೆಸಿ, ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ಹದಿನೈದು ವರ್ಷ ಕಳೆಯುವುದರೊಳಗೆ ಆ ತಟ್ಟೆಗಳನ್ನು ಓದುವ ಯಂತ್ರಗಳೇ ವಿರಳವಾದವು. ವಿಶ್ವವಿದ್ಯಾಲಯದ ವಿದ್ವಾಂಸರು ಬಹಳ ಶ್ರಮದಿಂದ ೨೦೦೨ರ ವೇಳೆಗೆ ಅದನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಇತ್ತ ಒಂಬೈನೂರು ವರ್ಷದ ಚರ್ಮದ ಪುಟಗಳನ್ನು ಕಣ್ಣಿದ್ದವರು ಓದುತ್ತಲೇ ಇದ್ದರು.

ಕನ್ನಡಿಗರಾದ ನಮಗೂ ಇದರ ಬಿಸಿ ತಗುಲಿದೆ. ೧೯೯೧ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಬಳಕೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ಅದುವರೆಗೆ ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತಗಳಲ್ಲಿ ಕನ್ನಡವನ್ನು ಬರೆಯುತ್ತಿತ್ತು. ಆ ಕಾಲದ ಫೈಲನ್ನು ಹಳೆಯ ಅಕ್ಷರಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಪ್ರತಿ ಕೆಟ್ಟಿಲ್ಲ, ಓದುವ ಕಣ್ಣು ಇಲ್ಲ, ಅಷ್ಟೆ. ನಿಮ್ಮ ಬೀರುವಿನಲ್ಲಿ ಅಂಥ ಫೈಲುಗಳಿದ್ದರೆ, ಮಾರ್ಪಡಿಸುವ ಸಾಧನಗಳು ದೊರೆಯುವ ಈ ದಿನಗಳಲ್ಲಿಯೇ ಯೂನಿಕೋಡಿಗೆ ತಂದುಕೊಳ್ಳಿರಿ.

ನಮ್ಮ ಶಾಲೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆನಲ್ಲವೆ? ಹದಿನಾಲ್ಕು ತಿಂಗಳ ಸಂಗ್ರಹದಲ್ಲಿ ಒಂದು ಪಾಲು ಮರಳಿ ದೊರೆಯಿತು. ಒಬ್ಬ ಹುಡುಗಿಯು ಗಾಣದ ಅಜ್ಜನ ಮಾತುಗಳನ್ನು ಫೋನಿನಲ್ಲಿ ಹಿಡಿದದ್ದಲ್ಲದೆ ನೋಟ್ ಪುಸ್ತಕದಲ್ಲಿಯೂ ಪೆನ್ಸಿಲಿನಿಂದ ಬರೆದಿಟ್ಟಿದ್ದಳು. ಫೋನು ಕೈಬದಲಾಗಿತ್ತು, ಪುಸ್ತಕ ಮನೆಯ ಅಟ್ಟದ ಮೇಲೆ ಸಿಕ್ಕಿತು. ಸುಮಾರು ನಲವತ್ತು ಪದಗಳು. ಹತ್ತಕ್ಕೆ ಅರ್ಥ ಬರೆದಿಲ್ಲ. ಗಾಣದ ಯಾವ ಭಾಗವನ್ನು ತೋರಿಸಿ ಅಜ್ಜ ಹಾಗೆಂದರೋ ಅವಳಿಗೂ ನೆನಪಿಲ್ಲ. ಕೇಳೋಣವೆಂದರೆ ಅಜ್ಜನಿಲ್ಲ. ಆ ಹತ್ತು ಪದಗಳನ್ನು ಅರ್ಥದ ಜಾಗ ಖಾಲಿ ಬಿಟ್ಟು ಹಾಗೆಯೇ ಸಂಗ್ರಹಕ್ಕೆ ಸೇರಿಸಿದ್ದೇವೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ ಎನ್ನಿ, ಈಗ ನಮ್ಮಲ್ಲಿ ಎರಡು ಡಿಸ್ಕುಗಳಿವೆ. ಒಂದು ಶಾಲೆಯ ಬೀರುವಿನಲ್ಲಿ, ಇನ್ನೊಂದು ಪಕ್ಕದ ಊರಿನಲ್ಲಿರುವ ಗಣಿತದ ಮೇಷ್ಟ್ರ ಮನೆಯಲ್ಲಿ. ಎರಡಕ್ಕಿಂತಲೂ ಮುಖ್ಯವಾದದ್ದು ಒಂದು ಹಳೆಯ ಹಾಜರಿ ಪುಸ್ತಕ. ಪ್ರತಿ ತಿಂಗಳ ಮೊದಲನೆಯ ಶನಿವಾರ ಒಂದು ಮಗು ತನಗೆ ತೋಚಿದ ಒಂದು ಪದವನ್ನೋ ಒಬ್ಬ ಹಿರಿಯರ ಹೆಸರನ್ನೋ ಹೇಳುತ್ತದೆ. ಮೂಲ ಕಂಪ್ಯೂಟರಿನಿಂದಲ್ಲ, ಡಿಸ್ಕಿನಿಂದ ಅದನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ, ತೆರೆದು, ಬರಹವಾದರೆ ಗಟ್ಟಿಯಾಗಿ ಓದಿ, ಧ್ವನಿಯಾದರೆ ಇಡೀ ತರಗತಿ ಕೇಳುತ್ತೇವೆ. ಅನಂತರ ಆ ಮಗು ಪುಸ್ತಕದಲ್ಲಿ ತಾರೀಖು ಹಾಕಿ,'ಓದಿ ನೋಡಿದೆ' ಎಂದು ಬರೆದು ರುಜು ಮಾಡುತ್ತದೆ. ಇದಕ್ಕೆ ಹತ್ತು ನಿಮಿಷ ಸಾಕು.

ವಾಚಕರೇ, ನಿಮ್ಮ ಮನೆಯ ಕಪಾಟಿನಲ್ಲಿಯೂ ಒಂದು ಡಿಸ್ಕು ಇರಬಹುದು. ಮಗಳ ಮದುವೆಯ ಚಿತ್ರ, ತಂದೆಯವರ ಧ್ವನಿ, ಜಮೀನಿನ ಪತ್ರದ ನಕಲು ಅದರಲ್ಲಿದೆಯೆಂದು ನೀವು ನಂಬಿರಬಹುದು. ಈ ಲೇಖನವನ್ನು ಮುಚ್ಚಿಟ್ಟು, ದಯವಿಟ್ಟು ಅದನ್ನು ಇಂದೇ ತೆಗೆದು ಸಿಕ್ಕಿಸಿರಿ. ಒಂದು ಫೈಲನ್ನು ತೆರೆದು ಓದಿರಿ. ಕೊನೆಯ ಬ್ಯಾಕಪ್ಪಿನ ತಾರೀಖನ್ನು ನೋಡಿರಿ. ಪರದೆಯ ಮೇಲೆ ಎರಡು ಸಾಲು ಬಂದರೆ, 'ಓಕೆ' ಒತ್ತುವ ಮೊದಲು ಅದನ್ನು ಓದಿರಿ.